ಮನೆಯಲ್ಲಿ ಮಾಡಿದ ಗಿಟಾರ್ ಆಂಪ್ಲಿಫೈಯರ್ ಪೆಟ್ಟಿಗೆಗೆ ಯಾವ ಬಟ್ಟೆ, ಯಾವ ಅಂಟು?

ಪ್ರಶ್ನೆ: ಕಡಲತಡಿಯ ಗಿಟಾರಿಗ, ಮಂಗಳೂರು

ಫೆಂಡರ್ ಕಂಪನಿ 1950ರ ದಶಕದಲ್ಲಿ ತಯಾರಿಸುತ್ತಿದ್ದ ಟ್ವೀಡ್ ಡೀಲಕ್ಸ್ ಮಾದರಿಯನ್ನು ಅನುಸರಿಸಿ, 12 ಇಂಚಿನ ಒಂದು ಸ್ಪೀಕರ್ ಹಿಡಿಸುವ ಪೆಟ್ಟಿಗೆಯನ್ನು ಪೈನ್ ಹಲಗೆಯಲ್ಲಿ ಮಾಡಿಕೊಂಡಿದ್ದೇನೆ. ಅದರ ಅಗಲ 20 ಇಂಚು, ಎತ್ತರ 17 ಇಂಚು, ಆಳ 10 ಇಂಚು. ಮೂಲ ಟ್ವೀಡ್ ಬಟ್ಟೆಯನ್ನು ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಮರಕ್ಕಿಂತ ಬಟ್ಟೆಯೇ ದುಬಾರಿಯಾಗುತ್ತದೆ. ಆದ್ದರಿಂದ ಇಲ್ಲಿಯೇ ಸಿಗುವ ಹತ್ತಿ ಬಟ್ಟೆಯಲ್ಲಿ ಯಾವುದು ಅದಕ್ಕೆ ಹತ್ತಿರವಾದೀತು, ಯಾವ ಅಂಟು ಬಳಸಬೇಕು, ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕಾಗಿ ವಿನಂತಿ. ಸ್ಪೀಕರ್ ಮುಂದೆಯೂ ಅದೇ ಬಟ್ಟೆಯನ್ನು ಹಾಕಬಹುದೇ?

ಉತ್ತರ 1: ಉಳಿ ಸುತ್ತಿಗೆ, ಮೈಸೂರು

ಟ್ವೀಡ್ ಎಂದು ಕರೆದರೂ ಆ ಪೆಟ್ಟಿಗೆಗಳ ಮೇಲಿರುವುದು ಉಣ್ಣೆಯ ಬಟ್ಟೆಯಲ್ಲ, ಓರೆಗೆರೆಗಳಿರುವ ದಪ್ಪ ಹತ್ತಿಯ ಟ್ವಿಲ್ ಬಟ್ಟೆ. ಸಮವಸ್ತ್ರ ಹೊಲಿಯುವವರು ಬಳಸುವ ಡ್ರಿಲ್ ಬಟ್ಟೆಯದೂ ಇದೇ ಬಗೆಯ ನೇಯ್ಗೆಯಾದ್ದರಿಂದ, ಬಣ್ಣ ಹಾಕದ ಅಥವಾ ತಿಳಿ ಕಂದು ಬಣ್ಣದ ದಪ್ಪ ಡ್ರಿಲ್ ಸಿಕ್ಕರೆ ಬೇರೆ ಹುಡುಕಾಟವೇ ಬೇಡ. ಖಾದಿ ನೋಡಲು ಚೆನ್ನಾಗಿದ್ದರೂ ನೂಲು ಏರುತಗ್ಗಾಗಿರುವುದರಿಂದ ಅಂಟು ಕೆಲವು ಕಡೆ ಮೇಲಕ್ಕೆ ಒಸರುತ್ತದೆ. ಬಟ್ಟೆಯನ್ನು ಮೊದಲು ಬಿಸಿನೀರಿನಲ್ಲಿ ಒಗೆದು, ಗಂಜಿ ಬಿಡಿಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಕುಗ್ಗುವುದಿದ್ದರೆ ಮರದ ಮೇಲೆ ಕೂರುವ ಮೊದಲೇ ಕುಗ್ಗಿಬಿಡಲಿ.

ನಿಮ್ಮ ಪೆಟ್ಟಿಗೆಯ ಸುತ್ತಳತೆ 74 ಇಂಚು. ಕೆಳಭಾಗದಲ್ಲಿ ಒಂದರ ಮೇಲೊಂದು ಬರುವ ಅಂಚಿಗೆ ಮೂರ್ನಾಲ್ಕು ಇಂಚು ಸೇರಿಸಿದರೆ ಸುಮಾರು 2 ಮೀಟರ್ ಉದ್ದದ ಪಟ್ಟಿ ಬೇಕಾಗುತ್ತದೆ. ಆಳ 10 ಇಂಚು, ಮುಂದೆ ಹಿಂದೆ ಒಳಕ್ಕೆ ಮಡಚಲು ಎರಡೂವರೆ ಇಂಚಿನಂತೆ ಸೇರಿಸಿದರೆ ಪಟ್ಟಿಯ ಅಗಲ 15 ಇಂಚಾಗುತ್ತದೆ. ಇದನ್ನು ಬಟ್ಟೆಯ ಉದ್ದಕ್ಕೇ, ಹಾಸುನೂಲಿನ ಗುಂಟ ಕತ್ತರಿಸಿ. ಅಡ್ಡಕ್ಕೆ ಕತ್ತರಿಸಿದರೆ ಅಂಗಡಿಯಲ್ಲಿ ಸಿಗುವ ಪನ್ನ ಸಾಲದೆ, ಕಣ್ಣಿಗೆ ಬೀಳುವ ಜಾಗದಲ್ಲಿ ಜೋಡಣೆ ಮಾಡಬೇಕಾಗುತ್ತದೆ. ಹೊರ ಅಂಚುಗಳನ್ನು ಅರ್ಧ ಇಂಚಿನಷ್ಟು ಗುಂಡಗೆ ಮಾಡಿ ಉಪ್ಪು ಕಾಗದದಿಂದ ನಯಗೊಳಿಸಿರಬೇಕು; ಚೂಪಾಗಿ ಉಳಿದ ಅಂಚಿನಲ್ಲಿ ಬಟ್ಟೆ ಬೇಗ ಸವೆಯುತ್ತದೆ.

ಅಂಟಿಗೆ ನಾನು ಬಳಸುವುದು ಬಡಗಿಗಳ ಬಿಳಿ ಅಂಟನ್ನೇ. ಅದನ್ನು ಮರಕ್ಕೆ ಮಾತ್ರ ತೆಳುವಾಗಿ ರೋಲರಿನಿಂದ ಹಚ್ಚಿ, ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಓರೆಗೆರೆ ಸೊಟ್ಟಗಾದರೆ ಬಟ್ಟೆಯನ್ನು ಸ್ವಲ್ಪ ಸರಿಸಿ ಕೂರಿಸಲು ಅದು ಸಮಯ ಕೊಡುತ್ತದೆ, ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಜೋರಾಗಿ ಎಳೆಯಬೇಡಿ. ತೇವದಲ್ಲಿ ಹಿಗ್ಗಿದ ಬಟ್ಟೆ ಒಣಗುವಾಗ ಬಿಗಿದುಕೊಂಡು ಒಳಮೂಲೆಗಳಲ್ಲಿ ಮೇಲೆದ್ದುಬಿಡುತ್ತದೆ.

ಉತ್ತರ 2: ಹಳೆಯ ರೇಡಿಯೋ, ಉಡುಪಿ

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಬಿಳಿ ಅಂಟು ಬಿಸಿಗೂ ದೀರ್ಘಕಾಲದ ತೇವಕ್ಕೂ ಮೆದುವಾಗುವ ಸ್ವಭಾವದ್ದು. ಆಂಪ್ಲಿಫೈಯರಿನೊಳಗೆ ಬಿಸಿಯಾಗುವ ಗಾಜಿನ ವಾಲ್ವುಗಳ ಹತ್ತಿರ ಒಳಕ್ಕೆ ಮಡಚಿದ ಅಂಚುಗಳಿಗಾದರೂ ಎಸ್‌ಆರ್ 998ನಂಥ ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತುವುದು ಒಳ್ಳೆಯದು. ಇಡೀ ಪೆಟ್ಟಿಗೆಗೆ ಅದನ್ನೇ ಬಳಸಿ ಎಂದು ನಾನು ಹೇಳುವುದಿಲ್ಲ. ಒಮ್ಮೆ ತಾಗಿದ ಬಟ್ಟೆಯನ್ನು ಸರಿಸಲಾಗದು, ತೆಳುಬಟ್ಟೆಯಾದರೆ ಹಳದಿ ಕಲೆಯೂ ಮೇಲಕ್ಕೆ ಬರುತ್ತದೆ. ಮೈದಾ ಅಂಟನ್ನಂತೂ ಮುಟ್ಟಲೇಬೇಡಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಅದಕ್ಕೆ ಮೈಲುತುತ್ತ ಬೆರೆಸಿ ಹುಳ ತಡೆಯುತ್ತಾರೆ ನಿಜ, ಆದರೆ ನಮ್ಮ ಆಷಾಢದ ತೇವಕ್ಕೆ ಅಷ್ಟು ಸಾಲದು.

ಬೂಷ್ಟಿನ ವಿಷಯಕ್ಕೆ ಬಂದರೆ, ಬರಿಯ ಹತ್ತಿಯನ್ನು ಹಾಗೆಯೇ ಬಿಡಬಾರದು. ಅಂಟು ಪೂರ್ತಿ ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಎರಡು ಮೂರು ತೆಳು ಪದರಗಳಾಗಿ ಹಚ್ಚಿ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಹಳೆಯ ಟ್ವೀಡ್ ಪೆಟ್ಟಿಗೆಗಳ ಆ ಜೇನುಬಣ್ಣ ಇದರಿಂದ ತಾನಾಗಿ ಬರುತ್ತದೆ, ನೂಲೆಳೆಗಳೂ ಕಿತ್ತು ಬರುವುದಿಲ್ಲ. ಮಳೆ ಹಿಡಿದ ದಿನ ಹಚ್ಚಿದರೆ ಗಾಳಿಯ ತೇವದಿಂದ ಅರಗು ಬೆಳ್ಳಗೆ ಮಂಕಾಗುತ್ತದೆ; ಬಿಸಿಲಿನ ದಿನ, ಒಲೆ ದೀಪಗಳಿಂದ ದೂರ, ಸರ್ಕ್ಯೂಟ್ ಕೂರಿಸುವ ಮೊದಲೇ ಮುಗಿಸಿ. ದಪ್ಪ ಹಚ್ಚಿದರೆ ಅಂಚುಗಳಲ್ಲಿ ಬಿರುಕು ಬಿಡುತ್ತದೆ.

ಈ ಪೆಟ್ಟಿಗೆ ಊರೂರು ಕಾರ್ಯಕ್ರಮಗಳಿಗೆ ತಿರುಗುವುದಾದರೆ ಬಟ್ಟೆಯ ಆಸೆ ಬಿಟ್ಟು ರೆಕ್ಸಿನ್ ಹಾಕಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಫೆಂಡರ್‌ನವರೇ 1960ರ ದಶಕದ ಆರಂಭದಲ್ಲಿ ಟ್ವೀಡ್ ಬಿಟ್ಟು ವಿನೈಲ್ ಲೇಪಿತ ಹೊದಿಕೆಗೆ ಹೊರಳಿದರು.

ಉತ್ತರ 3: ಹನ್ನೆರಡು ಇಂಚು, ಬೆಂಗಳೂರು

ಸ್ಪೀಕರ್ ಮುಂದೆ ಡ್ರಿಲ್ ಬಟ್ಟೆ ಹಾಕಲೇಬಾರದು. ಮೈಗೆ ಹೊದಿಸಿದ ಬಟ್ಟೆ ನಾದವನ್ನು ಬದಲಿಸುವುದಿಲ್ಲ, ಮುಂದಿನದು ಬದಲಿಸುತ್ತದೆ. ಒತ್ತಾದ ನೇಯ್ಗೆ ಮೊದಲು ನುಂಗುವುದೇ ಎತ್ತರದ ಸ್ವರಗಳ ಸ್ಪಷ್ಟತೆಯನ್ನು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ತಡೆಯಿಲ್ಲದೆ ಆಚೆ ಹೋದರೆ ಸರಿ. ಎಸ್.ಪಿ. ರಸ್ತೆಯ ಕಡೆ ಸ್ಪೀಕರ್ ಸಾಮಾನು ಮಾರುವವರ ಬಳಿ ಇದಕ್ಕೆಂದೇ ಇರುವ ಜಾಳುಬಟ್ಟೆಯನ್ನು ವಿಚಾರಿಸಬಹುದು. ಸೆಣಬು ಚೆಂದ ಕಂಡರೂ ತೇವಕ್ಕೆ ಜೋತುಬೀಳುತ್ತದೆ. ಸ್ಪೀಕರ್ ಹಲಗೆಗೆ ಮೊದಲು ಮಂದ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ದುಂಡು ತೂತು ಬಟ್ಟೆಯ ಮೂಲಕ ಎದ್ದು ಕಾಣುತ್ತದೆ. ಸ್ಟೇಪ್ಲರ್ ಪಿನ್ನನ್ನು ನಾಲ್ಕೂ ಬದಿಯ ನಡುವಿನಿಂದ ಹೊಡೆಯುತ್ತಾ ಮೂಲೆಯತ್ತ ಹೋಗಿ.

ಕಡಲತಡಿಯ ಗಿಟಾರಿಗ:

ಎಲ್ಲರಿಗೂ ಧನ್ಯವಾದಗಳು. ಡ್ರಿಲ್ ಮತ್ತು ಅರಗನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಈ ಪೆಟ್ಟಿಗೆ ಮನೆ ಬಿಟ್ಟು ಹೋಗುವುದಿಲ್ಲ. ಸ್ಪೀಕರ್ ಹಲಗೆ ಸದ್ಯ ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂರುತ್ತಿದೆ. ಹೊದಿಕೆಯಾದ ಮೇಲೂ ಕೂತೀತೇ?

ಉಳಿ ಸುತ್ತಿಗೆ, ಮೈಸೂರು:

ಕೂರುವುದಿಲ್ಲ. ಪೆಟ್ಟಿಗೆಯ ಒಳಕ್ಕೆ ಮಡಚಿದ ಡ್ರಿಲ್ ಒಂದು ಪದರ, ಹಲಗೆಯ ಅಂಚಿಗೆ ಸುತ್ತಿ ಬರುವ ಜಾಳುಬಟ್ಟೆ ಇನ್ನೊಂದು ಪದರ. ಹಲಗೆಯ ನಾಲ್ಕೂ ಬದಿಯಲ್ಲಿ ಸುಮಾರು 2 ಮಿಲಿಮೀಟರ್ ಕೆರೆದು, ಎರಡೂ ಬಟ್ಟೆಗಳ ತುಂಡನ್ನು ಅಂಚಿನಲ್ಲಿಟ್ಟು ಕೂರಿಸಿ ನೋಡಿದ ಮೇಲೆಯೇ ಅಂಟಿನ ಡಬ್ಬ ತೆರೆಯಿರಿ. ಹಿಂಬದಿಯ ಹಲಗೆಗಳಿಗೂ ಇದೇ ಲೆಕ್ಕ.