ಜರ್ಮನ್ ಸೈನಿಕರ ಊಟದ ಡಬ್ಬಿ: ಯುದ್ಧಕಾಲದ್ದೋ, ಆಮೇಲಿನದ್ದೋ?

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಲೈಪ್‌ಜಿಗ್‌ನಲ್ಲಿದ್ದೇನೆ. ಹೋದ ಶನಿವಾರ ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಸೈನಿಕರ ಊಟದ ಡಬ್ಬಿ ಒಂದನ್ನು ತಗೊಂಡೆ. ಅವರೆಕಾಳಿನ ಹಾಗೆ ಒಂದು ಕಡೆ ಒಳಕ್ಕೆ ಬಾಗಿದೆ. ಅಲ್ಯೂಮಿನಿಯಂ, ಮೇಲೆ ಹಸಿರು ಬಣ್ಣ, ಕಂಬಿ ಹಿಡಿ, ಮುಚ್ಚಳಕ್ಕೆ ಮಡಚುವ ಹಿಡಿ. ಮಾರಿದವರು 1941ರದ್ದು ಅಂದರು, 45 ಯೂರೋ ಕೊಟ್ಟೆ. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಹಿಡಿಯ ಮೇಲೆ ಏನೋ ಅಚ್ಚು ಇದೆ, ಬಣ್ಣ ಮುಚ್ಚಿಕೊಂಡಿದೆ. ಇದು ನಿಜವಾಗಿ ಯುದ್ಧಕಾಲದ್ದಾ ಅಂತ ಹೇಗೆ ನೋಡುವುದು? ಇಂಥದ್ದನ್ನು ಕೊಂಡು ಅನುಭವ ಇರುವವರು ದಯವಿಟ್ಟು ಹೇಳಿ.

ನ್ಯೂರೆಂಬರ್ಗ್‌ನಿಂದ ಒಬ್ಬರು:

ನಾನು ಒಂಬತ್ತು ವರ್ಷದಿಂದ ಇವನ್ನು ಕೂಡಿಡುತ್ತಿದ್ದೇನೆ. ಮೊದಲ ಎರಡು ಡಬ್ಬಿಗೆ ನಾನೂ ಮೋಸ ಹೋದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದನ್ನು ಜರ್ಮನ್ನರು ಕೋಖ್‌ಗೆಶಿರ್ ಅನ್ನುತ್ತಾರೆ, ಅಂದರೆ ಅಡುಗೆ ಪಾತ್ರೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಹತ್ತಿರ ಜಾಸ್ತಿ ಇದ್ದದ್ದು 1931ರ ಮಾದರಿ. ಅದಕ್ಕೆ ಎರಡೇ ಭಾಗ. ಕೆಳಗಿನ ಪಾತ್ರೆಗೆ ಸುಮಾರು 1.7 ಲೀಟರ್ ಹಿಡಿಯುತ್ತದೆ, ಮುಚ್ಚಳಕ್ಕೆ ಅರ್ಧ ಲೀಟರ್. ಮುಚ್ಚಳವೇ ತಟ್ಟೆ, ಅದೇ ಬಾಣಲೆ. ಮುಚ್ಚಳದ ಹಿಡಿಯಲ್ಲಿ ಒಂದು ಸೀಳು ಇರುತ್ತದೆ. ಅದರಲ್ಲಿ ಪಟ್ಟಿ ತೂರಿಸಿ, ಬ್ರೆಡ್ ಚೀಲಕ್ಕೋ ಬೆನ್ನಿನ ಸಾಮಾನಿಗೋ ಬಿಗಿಯುತ್ತಿದ್ದರು.

ಮೊದಲು ಭಾಗ ಎಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಪಶ್ಚಿಮ ಜರ್ಮನಿಯ ಸೈನ್ಯ, ಅಂದರೆ ಬುಂಡೆಸ್‌ವೇರ್, ಶುರುವಾದದ್ದು 1955ರಲ್ಲಿ. ಅವರ ಡಬ್ಬಿಗೆ ಮೂರು ಭಾಗ. ಪಾತ್ರೆ, ಮುಚ್ಚಳ, ನಡುವೆ ಒಳಗೆ ಕೂರುವ ಇನ್ನೊಂದು ಚಿಕ್ಕ ಪಾತ್ರೆ. ಮೂರೂ ಇದ್ದರೆ ಕಥೆ ಅಲ್ಲಿಗೆ ಮುಗಿಯಿತು, ಅದು ಆಮೇಲಿನದು. ಆದರೆ ಎರಡೇ ಇದೆ, ಹಾಗಾದರೆ ಯುದ್ಧಕಾಲದ್ದು ಅಂತ ಮಾತ್ರ ಅಂದುಕೊಳ್ಳಬೇಡಿ. ನನ್ನ ಮೊದಲ ತಪ್ಪು ಅದೇ. ಆ ಒಳಗಿನ ಪಾತ್ರೆ ಸುಲಭವಾಗಿ ಕಳೆದುಹೋಗುತ್ತದೆ. ಕೆಲವರು ಬೇಕಂತಲೇ ತೆಗೆದಿಟ್ಟು ಮಾರುತ್ತಾರೆ.

ನೀವಿರುವುದು ಲೈಪ್‌ಜಿಗ್. ಅಲ್ಲಿ ಇನ್ನೊಂದು ತೊಡಕಿದೆ. ಪೂರ್ವ ಜರ್ಮನಿಯ ಸೈನ್ಯ ಎನ್‌ವಿಎ 1956ರಲ್ಲಿ ಹುಟ್ಟಿತು. ಅವರು ಹಳೆ ಎರಡು ಭಾಗದ ಆಕಾರವನ್ನೇ ಮುಂದುವರಿಸಿದರು, ಅದೂ ಅಲ್ಯೂಮಿನಿಯಂನಲ್ಲಿ. 1990ರಲ್ಲಿ ಆ ಸೈನ್ಯವೇ ಇಲ್ಲವಾದಾಗ ಉಗ್ರಾಣದಲ್ಲಿದ್ದ ಸಾಮಾನೆಲ್ಲ ಅಗ್ಗಕ್ಕೆ ಹೊರಗೆ ಬಂತು. ನಿಮ್ಮ ಕಡೆಯ ಸಂತೆಗಳಲ್ಲಿ ಇವೇ ಜಾಸ್ತಿ. ಸೋವಿಯತ್ ಸೈನಿಕರ ಡಬ್ಬಿಯೂ ನೋಡಲು ಹೀಗೇ ಇರುತ್ತದೆ. ಅವರು 1994ರವರೆಗೂ ಅಲ್ಲೇ ಇದ್ದರಲ್ಲ. ರಷ್ಯನ್ ಅಕ್ಷರ ಕೆತ್ತಿದ್ದರೆ ಮೊದಲು ಆ ಕಡೆಯದು ಅಂತಲೇ ಯೋಚಿಸಿ.

ಹಾಗಾಗಿ ಕೊನೆಗೆ ಮಾತಾಡುವುದು ಅಚ್ಚು. ಅದು ಎರಡು ಕಡೆ ಇರುತ್ತದೆ. ಒಂದು ಮುಚ್ಚಳದ ಮಡಚುವ ಹಿಡಿಯ ಮೇಲೆ. ಇನ್ನೊಂದು ಕೆಳಗಿನ ಪಾತ್ರೆಯಲ್ಲಿ, ಕಂಬಿ ಸಿಕ್ಕಿಸುವ ಕಿವಿಯ ಮೇಲೆ. ಈ ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಯುದ್ಧಕಾಲದ್ದಾದರೆ ತಯಾರಕರ ಗುರುತಿನ ಅಕ್ಷರ, ಪಕ್ಕದಲ್ಲೋ ಕೆಳಗೋ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. 39 ಅಂದರೆ 1939. ಮೊದಮೊದಲು ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಿದ್ದರು. ಆಮೇಲೆ ಯಾವ ಕಾರ್ಖಾನೆ ಅಂತ ಶತ್ರುವಿಗೆ ಗೊತ್ತಾಗಬಾರದು ಅಂತ ಮೂರು ಸಣ್ಣ ಅಕ್ಷರಗಳ ಗುಟ್ಟಿನ ಸಂಕೇತ ಬಂತು. ಬುಂಡೆಸ್‌ವೇರ್ ಸಾಮಾನಿನ ಮೇಲೆ ಅಡ್ಡಗೆರೆ ಹಾಕಿ ಬಿಡಿಸಿದ ಉದ್ದನೆಯ ನ್ಯಾಟೋ ನಂಬರ್ ಇರಬಹುದು. ಅದರಲ್ಲಿ ಮೊದಲ ನಾಲ್ಕು ಅಂಕಿ ಆದ ಮೇಲೆ 12 ಬಂದರೆ ಅದು ಜರ್ಮನಿಯ ಸಂಖ್ಯೆ. ಅಂಥ ನಂಬರ್ ಯುದ್ಧಕಾಲದಲ್ಲಿ ಇರಲೇ ಇಲ್ಲ.

ಬಣ್ಣ ಕೆರೆಯಬೇಡಿ, ದಯವಿಟ್ಟು. ನಾನು ಮಾಡುವುದು ಹೀಗೆ. ಬೆಚ್ಚಗಿನ ನೀರು, ಮೆತ್ತನೆಯ ಹಳೆ ಟೂತ್‌ಬ್ರಶ್, ಅಷ್ಟೇ. ಒಣಗಿದ ಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಿಡಿಯ ಪಕ್ಕಕ್ಕೆ ಮಲಗಿಸಿ ಬೆಳಕು ಬಿಡಿ. ಬೆಳಕು ಓರೆಯಾಗಿ ಬಿದ್ದಾಗ ತಗ್ಗಿನಲ್ಲಿ ನೆರಳು ಕೂತು ಅಂಕಿ ಎದ್ದು ಕಾಣುತ್ತದೆ. ಇನ್ನೂ ಕಾಣದಿದ್ದರೆ ತೆಳು ಕಾಗದ ಇಟ್ಟು, ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರಾಗಿ ತಿಕ್ಕಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಹಾಗೇ. ಒಮ್ಮೆ ನಾಲ್ಕು ಅಂದುಕೊಂಡದ್ದು ಪೆನ್ಸಿಲ್ ತಿಕ್ಕಿದ ಮೇಲೆ ಆರು ಆಗಿತ್ತು. 41 ಅಂತ ಕೊಂಡದ್ದು 61 ಆಯಿತು.

ಬಣ್ಣ ನೋಡಿ ವಯಸ್ಸು ಹೇಳುವವರನ್ನು ನಾನು ನಂಬುವುದಿಲ್ಲ. ಮೊದಲು ಬೂದು ಬೆರೆತ ಹಸಿರು, ಯುದ್ಧ ಮುಂದುವರಿದಂತೆ ಆಲಿವ್ ಹಸಿರು ಅನ್ನುವುದು ನಿಜ. ಆದರೆ ಯುದ್ಧ ಮುಗಿದ ಮೇಲೂ ಈ ಡಬ್ಬಿಗಳು ದುಡಿದಿವೆ. ಸೋತ ಸೈನ್ಯದ ಸಾಮಾನನ್ನು ನಾರ್ವೆಯಂಥ ದೇಶಗಳು ಬಳಸಿದವು. ಮನೆ ಮಠ ಕಳಕೊಂಡ ಜನ ಇದರಲ್ಲೇ ಸೂಪ್ ಕಾಯಿಸಿದರು, ಹಾಲು ತಂದರು. ಯಾರು ಯಾವಾಗ ಮರುಬಣ್ಣ ಬಳಿದರು ಅಂತ ಹೇಗೆ ಹೇಳುವುದು? ಬಣ್ಣ ತಳದಲ್ಲಿ, ಅಂಚಿನಲ್ಲಿ, ಹಿಡಿ ತಾಗುವ ಜಾಗದಲ್ಲಿ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ.

ಗೋಸ್ಲರ್ ಹತ್ತಿರದ ಊರಿಂದ ಇನ್ನೊಬ್ಬರು:

ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ವಿಮಾನಕ್ಕೆ ಅಲ್ಯೂಮಿನಿಯಂ ಬೇಕಾಯಿತು ಅಂತ ಯುದ್ಧದ ಕೊನೆಕೊನೆಗೆ ಕಬ್ಬಿಣದ ತಗಡಿನ ಮೇಲೆ ಎನಾಮಲ್ ಹಾಕಿ ಡಬ್ಬಿ ಮಾಡಿದರು. ನಮ್ಮ ಮನೆಗಳಲ್ಲಿದ್ದ ಹಳೆ ಪಿಂಗಾಣಿ ತಟ್ಟೆಯ ಹಾಗೆ, ಏಟು ಬಿದ್ದಲ್ಲಿ ಚಕ್ಕೆ ಎದ್ದು ತುಕ್ಕು ಕಾಣುತ್ತದೆ. ಮ್ಯಾಗ್ನೆಟ್ಟನ್ನು ಪಾತ್ರೆಯ ಹೊಟ್ಟೆಗೆ ಇಡಿ, ಹಿಡಿಗಲ್ಲ. ಅಲ್ಯೂಮಿನಿಯಂ ಪಾತ್ರೆಗೂ ಕಬ್ಬಿಣದ ಹಿಡಿ ಇರುತ್ತದೆ.

ಇನ್ನೊಂದು ಮಾತು. ಹದ್ದು, ಸ್ವಸ್ತಿಕ, ಎಸ್‌ಎಸ್ (ನಾಜಿ ಪಕ್ಷದ ಪಡೆ) ಗುರುತು ಇದ್ದರೆ ಬೆಲೆ ಏರುತ್ತದೆ ಅಂತ ಸಾದಾ ಡಬ್ಬಿಗೆ ಈಗ ಒತ್ತುವವರಿದ್ದಾರೆ. ಹಳೆ ಅಚ್ಚಿನ ತಗ್ಗಿನಲ್ಲಿ ಕೊಳೆ, ಬಣ್ಣ ಕೂತಿರುತ್ತದೆ. ಹೊಸದರ ಒಳಗೆ ಲೋಹ ಬೆಳ್ಳಗೆ ಹೊಳೆಯುತ್ತದೆ. ಜರ್ಮನಿಯಲ್ಲಿ ಆ ಗುರುತುಗಳನ್ನು ಬಹಿರಂಗವಾಗಿ ತೋರಿಸುವುದು ಅಪರಾಧ ಕೂಡ. ಫೋಟೋ ಹಾಕುವ ಮುಂಚೆ ನೆನಪಿರಲಿ.

ಬೆಂಗಳೂರಿನಿಂದ:

ನಮ್ಮ ಮನೆಯಲ್ಲಿ ಒಂದಿದೆ. ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಅಂದರೆ ಸೈನ್ಯದ ಎಂಜಿನಿಯರ್ ದಳದಲ್ಲಿ. ಯುದ್ಧದಲ್ಲಿ ಇಟಲಿಯ ಕಸೀನೋ ಅನ್ನುವ ಊರಿನ ಕಡೆ ಕೆಲಸ ಮಾಡಿದವರು. ಅವರಿಗೆ ಸೈನ್ಯ ಕೊಟ್ಟ ಮೆಸ್ ಟಿನ್ ಬ್ರಿಟಿಷ್ ಮಾದರಿಯದು. ಆಯತಾಕಾರ, ಒಂದರೊಳಗೆ ಒಂದು ಕೂರುವ ಎರಡು ಡಬ್ಬಿ. ಅದರ ಜೊತೆ ಈ ಬಾಗಿದ ಡಬ್ಬಿಯೂ ಟ್ರಂಕಿನಲ್ಲಿತ್ತು. ಅಜ್ಜಿ ಅದರಲ್ಲಿ ಗುಂಡಿ, ಸೂಜಿ ಇಡುತ್ತಿದ್ದರು. ಹಿಡಿಯ ಮೇಲೆ 40 ಅಂತ ಸ್ಪಷ್ಟವಾಗಿದೆ, ಕಿವಿಯ ಮೇಲೂ 40. ಮುಚ್ಚಳದ ಮೇಲೆ ಮೊಳೆಯಿಂದ ಗೀಚಿದ ಒಂದು ಜರ್ಮನ್ ಹೆಸರಿದೆ. ಸೈನಿಕರು ತಮ್ಮದು ಅಂತ ಗುರುತಿಗೆ ಗೀಚಿಕೊಳ್ಳುತ್ತಿದ್ದರಂತೆ. ಅದನ್ನು ಯಾರು ಕೇಳಿದರೂ ಕೊಟ್ಟಿಲ್ಲ. ನಿಮ್ಮದರಲ್ಲೂ ಹೆಸರು ಇದೆಯಾ ನೋಡಿ, ಅಂಚಿನ ಒಳಗಡೆಯೂ ನೋಡಿ.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಯೇ ಟಾರ್ಚ್ ಹಿಡಿದು ಕೂತೆ. ಮುಚ್ಚಳದ ಹಿಡಿಯಲ್ಲಿ ಮೂರು ಅಕ್ಷರ, ಕೆಳಗೆ 41. ಇದರಲ್ಲಿ ಅನುಮಾನ ಇಲ್ಲ, ಪೆನ್ಸಿಲ್ ತಿಕ್ಕಿಯೂ ನೋಡಿದೆ. ಕಿವಿಯ ಮೇಲೆ ಮಾತ್ರ 58 ಅಂತ ಇದೆ. ಮುಚ್ಚಳ ಕೂರುತ್ತದೆ, ಆದರೆ ಸ್ವಲ್ಪ ಅಲುಗಾಡುತ್ತದೆ. ಹೆಸರು ಎಲ್ಲೂ ಇಲ್ಲ. ಇದರಲ್ಲಿ ಅಡುಗೆ ಮಾಡಬಹುದಾ ಅಂತ ಮನೆಯವರು ಕೇಳುತ್ತಿದ್ದಾರೆ.

ನ್ಯೂರೆಂಬರ್ಗ್‌ನವರು:

ಹಾಗಾದರೆ ಮುಚ್ಚಳ ಯುದ್ಧಕಾಲದ್ದು, ಪಾತ್ರೆ 1958ರದ್ದು. ಮಾರಿದವರು ಸುಳ್ಳು ಹೇಳಿದರು ಅಂತ ಈಗಲೇ ಅನ್ನಬೇಡಿ. ಅವರೂ ಮುಚ್ಚಳವನ್ನು ಮಾತ್ರ ನೋಡಿರಬಹುದು. ಮುಚ್ಚಳ ಅಲುಗಾಡುವುದೂ ಅದನ್ನೇ ಹೇಳುತ್ತದೆ. ಜೊತೆಗೆ ಹುಟ್ಟಿದವು ಗಟ್ಟಿಯಾಗಿ ಕೂರುತ್ತವೆ. ಮುಂದಿನ ಶನಿವಾರ ಅವರು ಅಲ್ಲೇ ಇದ್ದರೆ ಪೆನ್ಸಿಲ್ ಕಾಗದ ತೋರಿಸಿ, ನಿಧಾನವಾಗಿ ಮಾತಾಡಿ. ನನಗೆ ಒಬ್ಬರು ಅರ್ಧ ದುಡ್ಡು ವಾಪಸ್ ಕೊಟ್ಟಿದ್ದಾರೆ. ಕೊಡದಿದ್ದರೂ ಮುಚ್ಚಳವನ್ನು ಬಿಡಬೇಡಿ. 41ರ ಪಾತ್ರೆ ಮಾತ್ರ ಇಟ್ಟುಕೊಂಡು ಮುಚ್ಚಳ ಹುಡುಕುವವರು ಇದ್ದೇ ಇರುತ್ತಾರೆ.

ಅಡುಗೆ ಬೇಡ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಬಿಸಿಗೆ ಚಕ್ಕೆ ಏಳುತ್ತದೆ. ಅದರಲ್ಲೂ ಹುಣಸೆಹುಳಿ ಹಾಕಿದ ಸಾರು ಖಂಡಿತ ಬೇಡ. ಹುಳಿಗೆ ಬರಿ ಅಲ್ಯೂಮಿನಿಯಂ ಕರಗುತ್ತದೆ. ಒಳಗೆಲ್ಲ ಒಣಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಬಿಗಿಯಾಗಿ ಹಾಕದೆ ಗಾಳಿಯಾಡುವ ಹಾಗೆ ಇಡಿ. ಆ ಮೂರು ಅಕ್ಷರ ಏನು ಅಂತ ಬರೆಯಿರಿ, ನನ್ನ ಪಟ್ಟಿಯಲ್ಲಿ ಹುಡುಕುತ್ತೇನೆ.