ಬಾಸ್ ಮೀನು ಹಿಡಿಯೋಕೆ ಮೊದಲ ಬೇಟ್‌ಕಾಸ್ಟರ್: ಯಾವ ರಾಡ್, ಯಾವ ರೀಲ್?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಟೆಕ್ಸಸ್‌ನ ಪ್ಲೇನೋದಲ್ಲಿದ್ದೇನೆ. ಊರಲ್ಲಿ ಗಾಳ, ತಂಗೂಸಿ ದಾರ, ಎರೆಹುಳ ಇಷ್ಟೇ ಗೊತ್ತಿದ್ದದ್ದು. ಇಲ್ಲಿಗೆ ಬಂದ ಮೇಲೆ ಸ್ಪಿನ್ನಿಂಗ್ ರೀಲ್‌ನಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯುತ್ತಿದ್ದೇನೆ. ಈಗ ಬೇಟ್‌ಕಾಸ್ಟರ್, ಅಂದರೆ ಎಸೆಯುವಾಗ ಸ್ಪೂಲ್ (ದಾರ ಸುತ್ತಿದ ಉರುಳೆ) ತಿರುಗುವ ರೀಲ್, ತಗೊಳ್ಳಬೇಕು ಅಂತ ಆಸೆ. ದೋಣಿ ಇಲ್ಲ, ದಡದಲ್ಲಿ ನಿಂತೇ ಹಿಡಿಯುವುದು. ರಾಡ್, ರೀಲ್ ಎರಡೂ ಸೇರಿ 200 ಡಾಲರ್ ಖರ್ಚು ಮಾಡಬಲ್ಲೆ. ಅಂಗಡಿಯಲ್ಲಿ ಗೋಡೆ ತುಂಬ ರಾಡ್ ನಿಲ್ಲಿಸಿದ್ದಾರೆ, ರೀಲ್ ಮೇಲೆ 6.3, 7.1, 8.3 ಅಂತ ಅಂಕಿಗಳು. ಯಾವುದನ್ನು ನೋಡಿ ಆರಿಸಬೇಕು? ಬಳಸಿದವರು ದಯವಿಟ್ಟು ಹೇಳಿ.

ಡೆಂಟನ್‌ನಿಂದ:

ನಮಸ್ಕಾರ. ಗೋಡೆ ಮೇಲಿನ ರಾಡ್ ನೋಡೋಕೆ ಮುಂಚೆ ನಿಮ್ಮ ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಡಬ್ಬಿ ತೆರೆಯಿರಿ. ನೀವು ಜಾಸ್ತಿ ಎಸೆಯುವ ಲೂರ್ ಎಷ್ಟು ತೂಕದ್ದು? ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟರ್‌ನಲ್ಲಿ ಲೂರ್ ಹಾರುತ್ತಾ ಸ್ಪೂಲನ್ನೇ ತಿರುಗಿಸಬೇಕು. ಲೂರ್ ಹಗುರವಾದರೆ ಆ ಎಳೆತ ಸಾಲುವುದಿಲ್ಲ. ಆಗ ನಾವು ಜೋರಾಗಿ ಬೀಸುತ್ತೇವೆ, ಸ್ಪೂಲ್ ರಭಸದಿಂದ ತಿರುಗುತ್ತದೆ, ಲೂರ್ ಅಷ್ಟು ವೇಗದಲ್ಲಿ ದಾರ ಎಳೆಯುವುದಿಲ್ಲ. ಮಿಕ್ಕ ದಾರ ರೀಲ್ ಒಳಗೇ ಉಬ್ಬಿ ಸಿಕ್ಕಾಗುತ್ತದೆ. ಕೊಡ ನೀರಿಗೆ ಬಿದ್ದ ಮೇಲೂ ಬಾವಿಯ ರಾಟೆ ತಿರುಗುತ್ತಲೇ ಇರುತ್ತದಲ್ಲ, ಹಾಗೆ.

ಅದಕ್ಕೇ ಮೊದಲ ಸೆಟ್ಟನ್ನು 3/8ರಿಂದ 1/2 ಔನ್ಸ್, ಅಂದರೆ ಹೆಚ್ಚುಕಮ್ಮಿ 10ರಿಂದ 14 ಗ್ರಾಂ ಲೂರ್‌ಗೆ ಹೊಂದುವ ಹಾಗೆ ತಗೊಳ್ಳಿ. ಸ್ಪಿನ್ನರ್‌ಬೇಟ್, ಚಾಟರ್‌ಬೇಟ್, ಜಿಗ್, ಸ್ವಲ್ಪ ಭಾರದ ಟೆಕ್ಸಸ್ ರಿಗ್, ಈ ಬಗೆಯ ಲೂರ್‌ಗಳೆಲ್ಲ ಈ ತೂಕದಲ್ಲೇ ಬರುತ್ತವೆ. 1/4 ಔನ್ಸ್‌ಗಿಂತ ಹಗುರವಾದದ್ದನ್ನು ಸ್ಪಿನ್ನಿಂಗ್ ರಾಡ್‌ನಲ್ಲೇ ಎಸೆಯಿರಿ. ಹಗುರ ಲೂರ್‌ಗೆಂದೇ ಮಾಡಿದ ಬೇಟ್‌ಕಾಸ್ಟರ್‌ಗಳೂ ಇವೆ. ಕಲಿಯುವವರಿಗೆ ಅವು ಬೇಡ.

ರಾಡ್ ಬಗ್ಗೆ ನನ್ನ ಮಾತು ಒಂದೇ: 7 ಅಡಿ, ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್. ಪವರ್ ಅಂದರೆ ರಾಡ್ ಬಗ್ಗಿಸೋಕೆ ಎಷ್ಟು ಬಲ ಬೇಕು ಅನ್ನುವುದು. ಆ್ಯಕ್ಷನ್ ಅಂದರೆ ಅದು ಎಲ್ಲಿ ಬಗ್ಗುತ್ತದೆ ಅನ್ನುವುದು. ಫಾಸ್ಟ್ ರಾಡ್ ತುದಿಯಲ್ಲಿ ಮಾತ್ರ ಬಗ್ಗುತ್ತದೆ, ಕೆಳಗೆ ಗಟ್ಟಿ ಇರುತ್ತದೆ. ಟೆಕ್ಸಸ್ ರಿಗ್‌ನಲ್ಲಿ ಗಾಳದ ಮೊನೆ ರಬ್ಬರ್ ಹುಳದೊಳಗೆ ಅಡಗಿರುತ್ತದೆ. ಅದನ್ನು ಹುಳದಿಂದ ಹೊರಗೆ ತಂದು ಬಾಸ್‌ನ ಬಾಯಿಗೆ ಚುಚ್ಚೋಕೆ ಆ ಗಟ್ಟಿತನ ಬೇಕೇ ಬೇಕು. ಹಿಡಿಕೆಯ ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ಲೂರ್ ತೂಕ, ದಾರದ ಬಲ ಬರೆದಿರುತ್ತಾರೆ. 1/4ರಿಂದ 3/4 ಔನ್ಸ್, 12ರಿಂದ 20 ಪೌಂಡ್, ಈ ಥರ. ಬೆಲೆ ಚೀಟಿಗಿಂತ ಮುಂಚೆ ಅದನ್ನು ಓದಿ. ಒಂದು ಕಂಪನಿಯ ಮೀಡಿಯಂ ಹೆವಿ ಇನ್ನೊಂದರ ಹೆವಿಯಷ್ಟು ಗಟ್ಟಿ ಇರಬಹುದು.

ನೀವು ದಡದಿಂದ ಹಿಡಿಯುವವರು, ತಲೆ ಮೇಲೆ ಕೊಂಬೆಗಳಿರುತ್ತವೆ. 7 ಅಡಿಗಿಂತ ಉದ್ದ ಬೇಡ. 6 ಅಡಿ 8 ಇಂಚು ಸಿಕ್ಕರೂ ಒಳ್ಳೆಯದೇ.

200 ಡಾಲರ್‌ನಲ್ಲಿ ರೀಲ್‌ಗೆ 120, ರಾಡ್‌ಗೆ 80 ಅಂತ ಹಂಚಿ. ಅನುಭವಿಗಳು ಕೆಲವರು ಇದನ್ನು ತಿರುಗಿಸಿ ಹೇಳುತ್ತಾರೆ, ಒಳ್ಳೆಯ ರಾಡ್ ಇದ್ದರೆ ಮೀನು ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ ಅಂತ. ಅದು ನಿಜ. ಆದರೆ ಹೊಸಬರಿಗೆ ಕಷ್ಟ ಕೊಡುವುದು ರೀಲ್. ಸ್ಪೂಲ್‌ನ ವೇಗ ತಗ್ಗಿಸುವ ಬ್ರೇಕ್ ಒಂದೇ ಸಮ ಕೆಲಸ ಮಾಡದ ರೀಲ್‌ನಲ್ಲಿ ಕಲಿಯೋಕೆ ಹೋದವರು ಬೇಸತ್ತು ಅದನ್ನು ಗ್ಯಾರೇಜ್‌ನಲ್ಲಿ ಇಟ್ಟುಬಿಡುತ್ತಾರೆ. ಶಿಮಾನೊ, ಡೈವಾ, ಆಬು ಗಾರ್ಸಿಯಾ, ಲೂಸ್, ಈ ನಾಲ್ಕರಲ್ಲಿ ನಿಮ್ಮ ಬಜೆಟ್‌ಗೆ ಸಿಗುವ ಯಾವ ಲೋ ಪ್ರೊಫೈಲ್ (ತಗ್ಗಾದ ಮೈಯ) ರೀಲ್ ಆದರೂ ಸಾಕು. ಬೇರಿಂಗ್ ಎಷ್ಟಿದೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ.

ಇನ್ನು ಆ ಅಂಕಿಗಳು. 7.1 ಅಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಸ್ಪೂಲ್ 7.1 ಸುತ್ತು ತಿರುಗುತ್ತದೆ, ಸುಮಾರು 30 ಇಂಚು ದಾರ ಒಳಗೆ ಬರುತ್ತದೆ. ಒಂದೇ ರೀಲ್ ಇಟ್ಟುಕೊಳ್ಳುವವರಿಗೆ ಇದೇ ಸರಿ. ನಿಧಾನ ಬೇಕಾದರೆ ಕೈಯನ್ನೇ ನಿಧಾನ ಮಾಡಬಹುದು, ಅಲ್ವಾ? 5ರ ಆಸುಪಾಸಿನದು ಆಳಕ್ಕೆ ಇಳಿಯುವ ಕ್ರ್ಯಾಂಕ್‌ಬೇಟ್ ಲೂರ್‌ಗೆ ಚೆನ್ನ, ಎಳೆಯುವಾಗ ಕೈ ಸೋಲುವುದಿಲ್ಲ. 8ರ ಮೇಲಿನದು ಸಡಿಲ ದಾರವನ್ನು ಬೇಗ ಎಳೆದುಕೊಳ್ಳೋಕೆ.

ಒರ್ಲಾಂಡೊದಿಂದ:

ಮೇಲಿನವರು ಹೇಳಿದ್ದು ಟೆಕ್ಸಸ್‌ಗೆ ಸರಿ. ನಮ್ಮ ಫ್ಲೋರಿಡಾದಲ್ಲಿ ಕೆರೆ ಆಳ ಕಡಿಮೆ, ನೀರಿನ ತುಂಬ ಹೈಡ್ರಿಲ್ಲಾ ಜೊಂಡು, ತಾವರೆ ಎಲೆ. ಇಲ್ಲಿ ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಎಳೆಯುತ್ತೇವೆ. ಬಾಸ್ ಅದನ್ನು ಕಚ್ಚಿದ ತಕ್ಷಣ ಜೊಂಡಿನೊಳಗೆ ನುಗ್ಗುತ್ತದೆ, ಮೀನಿನ ಜೊತೆ ಜೊಂಡನ್ನೂ ಎಳೆಯಬೇಕು. ಅದಕ್ಕೆ ನನ್ನ ಹತ್ತಿರ ಹೆವಿ ರಾಡ್, 50 ಪೌಂಡಿನ ಬ್ರೇಡ್ (ಹೆಣೆದ) ದಾರ. ನಿಮ್ಮ ಕಡೆಯೂ ಜೊಂಡು ಜಾಸ್ತಿ ಇದ್ದರೆ ಇದನ್ನು ಎರಡನೇ ಸೆಟ್ ಅಂತ ಮನಸ್ಸಲ್ಲಿಟ್ಟುಕೊಳ್ಳಿ. ಮೊದಲನೆಯದಾಗಿ ತಗೊಂಡರೆ ಬೇರೆ ಲೂರ್ ಎಸೆಯೋಕೆ ಆಗುವುದಿಲ್ಲ.

ಇನ್ನೊಂದು ಮಾತು, ಬ್ರೇಡ್ ದಾರವನ್ನು ನೇರವಾಗಿ ಸ್ಪೂಲ್‌ಗೆ ಕಟ್ಟಬೇಡಿ, ಜಾರುತ್ತದೆ. ಕೆಳಗೆ ಕೆಲವು ಗಜ ನೈಲಾನ್ ಮಾನೊ (ಒಂಟಿ ಎಳೆಯ ದಾರ) ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ.

ಡೆಟ್ರಾಯ್ಟ್‌ನಿಂದ:

ನಾನು ಲೇಕ್ ಸೇಂಟ್ ಕ್ಲೇರ್‌ನಲ್ಲಿ ಸ್ಮಾಲ್‌ಮೌತ್ ಬಾಸ್ ಹಿಡಿಯುವವನು. ಇಲ್ಲಿ ಹಗುರ ಲೂರ್‌ನ ಕೆಲಸ ಜಾಸ್ತಿ, ಸ್ಪಿನ್ನಿಂಗ್ ರಾಡನ್ನು ನಾನು ಬಿಟ್ಟೇ ಇಲ್ಲ. ಬೇಟ್‌ಕಾಸ್ಟರ್ ಬಂತು ಅಂತ ನೀವೂ ಅದನ್ನು ಮಾರಬೇಡಿ.

ತಗೊಳ್ಳುವಾಗ ಹ್ಯಾಂಡಲ್ ಯಾವ ಕಡೆ ಇದೆ ನೋಡಿ. ಸ್ಪಿನ್ನಿಂಗ್ ರೀಲ್‌ನಲ್ಲಿ ಹ್ಯಾಂಡಲನ್ನು ಆ ಕಡೆ ಈ ಕಡೆ ಬದಲಿಸಬಹುದು, ಇದರಲ್ಲಿ ಆಗುವುದಿಲ್ಲ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತುವ ಅಭ್ಯಾಸವಿದ್ದರೆ ಎಡಗೈ ಮಾಡೆಲ್ ಅಂತ ಕೇಳಿ ತಗೊಳ್ಳಿ.

ಪ್ರಶ್ನೆ ಕೇಳಿದವರು:

ತುಂಬ ಥ್ಯಾಂಕ್ಸ್. ಎಡಗೈ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನು ಎರಡು ಸಂದೇಹ. ದಾರ ಸಿಕ್ಕಾಗದ ಹಾಗೆ ಬ್ರೇಕ್ ಹೇಗೆ ಇಡಬೇಕು? ಡಿಸಿ ರೀಲ್ ತಗೊಂಡರೆ ಸಿಕ್ಕೇ ಆಗುವುದಿಲ್ಲ ಅಂತಾರಲ್ಲ, ಅದು ನಿಜವಾ?

ಡೆಂಟನ್‌ನಿಂದ ಮತ್ತೆ:

ಡಿಸಿ ರೀಲ್‌ನೊಳಗೆ ಸ್ಪೂಲ್‌ನ ವೇಗ ನೋಡಿ ಬ್ರೇಕ್ ಹಾಕುವ ಪುಟ್ಟ ಎಲೆಕ್ಟ್ರಾನಿಕ್ಸ್ ಇರುತ್ತದೆ. ಎಸೆಯುವಾಗ ಕುಯ್ ಅಂತ ಸದ್ದು ಬರುತ್ತದೆ. ಸಿಕ್ಕು ಕಡಿಮೆಯಾಗುವುದು ನಿಜ, ಆಗುವುದೇ ಇಲ್ಲ ಅನ್ನುವುದು ಸುಳ್ಳು. ಅದೊಂದಕ್ಕೇ ನಿಮ್ಮ ಬಜೆಟ್ ಮುಗಿದುಹೋಗುತ್ತದೆ. ಹೆಬ್ಬೆರಳಲ್ಲಿ ಸ್ಪೂಲ್ ತಡೆಯುವುದನ್ನು ಹೇಗೂ ಕಲಿಯಲೇಬೇಕು.

ರೀಲ್‌ನಲ್ಲಿ ಹೊಂದಿಸುವುದು ಎರಡು ಕಡೆ. ಒಂದು, ಹ್ಯಾಂಡಲ್ ಪಕ್ಕದ ಸಣ್ಣ ತಿರುಪು, ಅದು ಸ್ಪೂಲ್ ಟೆನ್ಷನ್. ಲೂರ್ ಕಟ್ಟಿ ರಾಡನ್ನು ಮುಂದಕ್ಕೆ ಹಿಡಿದು, ಸ್ಪೂಲ್ ಸಡಿಲಿಸುವ ಬಟನ್ ಒತ್ತಿ ಬಿಡಿ. ಲೂರ್ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಆಮೇಲೂ ತಿರುಗುತ್ತಿದ್ದರೆ ಸ್ವಲ್ಪ ಬಿಗಿ ಮಾಡಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಇನ್ನೊಮ್ಮೆ ನೋಡಬೇಕು.

ಎರಡನೆಯದು ಬ್ರೇಕ್, ಇನ್ನೊಂದು ಬದಿಯಲ್ಲಿ. ಕೆಲವು ರೀಲ್‌ಗಳಲ್ಲಿ ಅಯಸ್ಕಾಂತ ಇರುತ್ತದೆ, ಹೊರಗಿನ ಡಯಲ್ ತಿರುಗಿಸಿದರೆ ಸಾಕು. ಕೆಲವದರಲ್ಲಿ ಪುಟ್ಟ ತುಂಡುಗಳಿದ್ದು, ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಉಜ್ಜಿ ವೇಗ ತಗ್ಗಿಸುತ್ತವೆ. ಅವನ್ನು ಹೊಂದಿಸೋಕೆ ಸಾಮಾನ್ಯವಾಗಿ ಪಕ್ಕದ ಮುಚ್ಚಳ ತೆಗೆಯಬೇಕು. ಹೊಸಬರಿಗೆ ಹೊರಗಿನ ಡಯಲ್ ಇರುವುದೇ ಸಲೀಸು. 10ರವರೆಗೆ ಅಂಕಿ ಇದ್ದರೆ 8ರಲ್ಲಿ ಇಡಿ. ದೂರ ಹೋಗುವುದಿಲ್ಲ ಅಂತ ಬೇಜಾರು ಬೇಡ. ಕೈ ಪಳಗಿದ ಹಾಗೆ ಒಂದೊಂದೇ ಇಳಿಸಿ. ಎದುರುಗಾಳಿ ಬಂದರೆ ಮತ್ತೆ ಏರಿಸಿ, ಅಥವಾ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವ ದಡ ಹುಡುಕಿ. ನಮ್ಮ ಕಡೆ ವಸಂತದ ಗಾಳಿ ಗೊತ್ತಲ್ಲ ನಿಮಗೆ!

ಹೆಬ್ಬೆರಳನ್ನು ಸ್ಪೂಲ್ ಮೇಲೆ ಹಗುರವಾಗಿ ಇಟ್ಟೇ ಇರಿ. ಲೂರ್ ನೀರು ಮುಟ್ಟುವ ಮುಂಚೆಯೇ ಒತ್ತಿ ನಿಲ್ಲಿಸಿ. ಹೆಚ್ಚಿನ ಸಿಕ್ಕು ಆಗುವುದು ಆ ಕೊನೆಯ ಗಳಿಗೆಯಲ್ಲಿ. ರೀಲನ್ನು ಮೇಲ್ಮುಖವಾಗಿ ಹಿಡಿದು ಎಸೆಯಬೇಡಿ. ಮಣಿಕಟ್ಟು ತಿರುಗಿಸಿ ಹ್ಯಾಂಡಲ್ ಮೇಲಕ್ಕೆ (ಎಡಗೈ ಮಾಡೆಲ್ ಆದರೆ ಕೆಳಕ್ಕೆ) ಬರುವ ಹಾಗೆ ಹಿಡಿದರೆ ಬೀಸು ಸರಾಗ.

ಕಲಿಯೋಕೆ 14 ಪೌಂಡಿನ ಮಾನೊ ಹಾಕಿ. ಅಗ್ಗ, ಸಿಕ್ಕಾದರೂ ಬಿಡಿಸಬಹುದು. ಸ್ಪೂಲ್‌ನ ಅಂಚಿಗೆ ಸುಮಾರು 3 ಮಿಲಿಮೀಟರ್ ಕಮ್ಮಿ ಇರುವಷ್ಟು ಮಾತ್ರ ತುಂಬಿಸಿ. ಫ್ಲೋರೋಕಾರ್ಬನ್ ದಾರ ನೀರಲ್ಲಿ ಮುಳುಗುತ್ತದೆ, ಜಿಗ್‌ಗೆ ಒಳ್ಳೆಯದು, ಆದರೆ ಸಿಕ್ಕಾಗಿ ಮಡಚಿದ ಜಾಗದಲ್ಲಿ ಸೊರಗಿ ಆಮೇಲೆ ಕಿತ್ತುಹೋಗುತ್ತದೆ. ಅದನ್ನು ಆಮೇಲೆ ಹಾಕಿ. ಮೊದಲು ಹುಲ್ಲುಹಾಸಿನ ಮೇಲೆ ಗಾಳವಿಲ್ಲದ 1/2 ಔನ್ಸ್ ತೂಕ ಕಟ್ಟಿ ಎಸೆದು ಅಭ್ಯಾಸ ಮಾಡಿ. ಸಿಕ್ಕಾದರೆ ಕಿತ್ತಾಡಬೇಡಿ. ಸ್ಪೂಲನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹ್ಯಾಂಡಲ್ ಎರಡು ಸುತ್ತು ತಿರುಗಿಸಿ, ಬಟನ್ ಒತ್ತಿ ದಾರ ಎಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ.

ಕೈ ಕೂಡಿದ ಮೇಲೆ ನಮ್ಮ ಟೆಕ್ಸಸ್‌ನದೇ ಕೆರೆ ಲೇಕ್ ಫೋರ್ಕ್‌ಗೆ ಹೋಗಿ ಬನ್ನಿ. 1992ರಲ್ಲಿ 18.18 ಪೌಂಡಿನ ಬಾಸ್ ಸಿಕ್ಕಿದ್ದು ಅಲ್ಲೇ. ನೀರಲ್ಲಿ ಮುಳುಗಿದ ಮರಗಳು ಬೇಕಾದಷ್ಟಿವೆ, ಮೀಡಿಯಂ ಹೆವಿ ಯಾಕೆ ಅಂದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಲೈಸೆನ್ಸ್ ಜೊತೆಗೆ ಅಳತೆ ಪಟ್ಟಿಯನ್ನೂ ಇಟ್ಟುಕೊಳ್ಳಿ. 16ರಿಂದ 24 ಇಂಚಿನ ನಡುವಿನ ಬಾಸ್ ಅಲ್ಲಿ ಸಿಕ್ಕರೆ ನೀರಿಗೇ ಬಿಡಬೇಕು.