ಸ್ವೆಟ್‌ಶರ್ಟ್ ಮೇಲೆ ಚಮಕಿ ಮತ್ತು ಮಣಿಯ ಕೈಕಸೂತಿ: ಹಿಗ್ಗುವ ಬಟ್ಟೆಯಲ್ಲಿ ಕೆಲಸ ಬಾಳಿಕೆ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ (ಮಲೆನಾಡಿನ ಸೂಜಿ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಚಳಿಗೆಂದು ನನ್ನ ತಂಗಿಗೆ ಕಡುಹಸಿರು ಬಣ್ಣದ, ಯಾವ ಅಚ್ಚೂ ಇಲ್ಲದ ಹತ್ತಿಯ ಸ್ವೆಟ್‌ಶರ್ಟ್ ಒಂದನ್ನು ಕೊಂಡಿದ್ದೇನೆ. ಎಡಭುಜದಿಂದ ಎದೆಯ ಮೇಲ್ಭಾಗದವರೆಗೆ ಹೂಬಿಟ್ಟ ಕಾಫಿ ರೆಂಬೆಯೊಂದನ್ನು ಬಿಳಿ ಮಣಿ ಮತ್ತು ಚಮಕಿಗಳಲ್ಲಿ ಮೂಡಿಸಬೇಕೆಂಬುದು ನನ್ನ ಆಸೆ. ರೇಷ್ಮೆ ರವಿಕೆಗಳ ಮೇಲೆ ಆರಿ ಕೆಲಸ (ಕೊಕ್ಕೆ ಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಕಸೂತಿ) ಮಾಡಿ ನನಗೆ ರೂಢಿಯಿದೆ. ಆದರೆ ಈ ಬಟ್ಟೆ ದಪ್ಪವಾಗಿದೆ, ಎಳೆದರೆ ಹಿಗ್ಗುತ್ತದೆ, ಒಳಮೈಯೂ ಜುಂಗುಜುಂಗಾಗಿದೆ. ಇದನ್ನು ಚೌಕಟ್ಟಿಗೆ ಬಿಗಿಯಬಹುದೇ? ಆರಿ ಸೂಜಿ ಸರಿಯೇ, ಸಾದಾ ಸೂಜಿ ಸರಿಯೇ? ಒಗೆದ ಮೇಲೂ ಕೆಲಸ ಹಾಳಾಗದಿರಲು ಏನು ಮಾಡಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1 (ಹೊಲಿಗೆ ತರಗತಿ, ಹಾಸನ)

ಕಾಫಿ ಹೂವನ್ನು ಆರಿಸಿಕೊಂಡದ್ದು ಬಹಳ ಸಂತೋಷ. ಮೊದಲು ಬಟ್ಟೆಯ ಸ್ವಭಾವವನ್ನು ನೋಡೋಣ. ರವಿಕೆಯ ರೇಷ್ಮೆ ಹಾಸುಹೊಕ್ಕಿನಲ್ಲಿ ನೇಯ್ದದ್ದು, ಸ್ವೆಟ್‌ಶರ್ಟಿನ ಬಟ್ಟೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ತಲೆಯ ಮೇಲಿನಿಂದ ತೊಡುವಾಗ ಆ ಕುಣಿಕೆಗಳು ತೆರೆದುಕೊಳ್ಳುತ್ತವೆ, ಆದರೆ ಮಣಿ ಕಟ್ಟಿದ ದಾರ ಹಿಗ್ಗುವುದಿಲ್ಲ. ಹೀಗಾಗಿ ಒಂದೋ ಬಟ್ಟೆ ಸುಕ್ಕುಗಟ್ಟುತ್ತದೆ, ಇಲ್ಲವೇ ದಾರ ಹರಿಯುತ್ತದೆ. ಈ ಕಾರಣದಿಂದ ಕುತ್ತಿಗೆಯ ಪಟ್ಟಿಯಿಂದ ಕನಿಷ್ಠ ಎರಡು ಬೆರಳಿನಷ್ಟು ಜಾಗ ಬಿಟ್ಟು ಚಿತ್ತಾರವನ್ನು ಇಳಿಸಿ; ತೋಳಿನ ತುದಿ ಮತ್ತು ಸೊಂಟದ ಪಟ್ಟಿಗಳ ಮೇಲಂತೂ ಏನನ್ನೂ ಹೊಲಿಯಬೇಡಿ.

ಕೆಲಸ ಹಿಡಿಯುವ ಮೊದಲೇ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸುವುದು ಅತ್ಯಗತ್ಯ. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಮೊದಲೇ ಹೊಲಿದಿದ್ದರೆ ಮಣಿಗಳ ಸಾಲು ಸಡಿಲವಾಗಿ ಜೋತಾಡುತ್ತದೆ. ಆಮೇಲೆ ಚಿತ್ತಾರಕ್ಕಿಂತ ಸ್ವಲ್ಪ ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ, ಒಳಪದರಕ್ಕೆ ಹಾಕುವ ತೆಳು ಕ್ಯಾನ್ವಾಸ್ ತುಂಡೊಂದನ್ನು ಒಳಮೈಗೆ ಇಟ್ಟು ಕಚ್ಚಾ ಹೊಲಿಗೆ ಹಾಕಿ. ಭಾರವನ್ನು ಬಟ್ಟೆಯ ಬದಲು ಅದು ಹೊರುತ್ತದೆ. ಕಾಲರಿಗೆ ಹಾಕುವ ಗಟ್ಟಿ ಬಕ್ರಮ್ ಇದಕ್ಕೆ ಹೊಂದುವುದಿಲ್ಲ, ಎದೆಯ ಮೇಲೆ ರಟ್ಟಿನಂತೆ ನಿಂತುಬಿಡುತ್ತದೆ. ಬಟ್ಟೆ ಹಿಡಿಯುವ ದುಂಡು ಚೌಕಟ್ಟು, ಅಂದರೆ ರಿಂಗು, ಬಳಸಬಹುದು, ಆದರೆ ಬಟ್ಟೆ ಸಮನಾಗಿ ನಿಂತರೆ ಸಾಕು, ಎಳೆದು ಬಿಗಿಯಬಾರದು.

ಇನ್ನು ಹೂವಿನ ವಿಷಯ. ಅರೇಬಿಕಾ ಹೂವಿಗೆ ಸಾಮಾನ್ಯವಾಗಿ ಐದು ಕಿರಿದಾದ ಎಸಳುಗಳಿರುತ್ತವೆ ಮತ್ತು ಹೂಗಳು ಎಲೆಯ ಬುಡದಲ್ಲಿ ಗೊಂಚಲಾಗಿ ಕೂರುತ್ತವೆ. ಆ ಎಸಳಿಗೆ ದುಂಡು ಮಣಿಗಿಂತ ಕೊಳವೆಯಂತೆ ಉದ್ದವಾಗಿರುವ ಬಿಳಿ ಪೈಪ್ ಮಣಿಯೇ ಚೆನ್ನ. ಆದರೆ ಪೈಪ್ ಮಣಿಯ ಬಾಯಿ ಹರಿತವಾಗಿದ್ದು ದಾರವನ್ನು ಕೊಯ್ಯುತ್ತದೆ. ಅದರ ಎರಡೂ ತುದಿಗೆ ಒಂದೊಂದು ಸಣ್ಣ ದುಂಡು ಮಣಿಯನ್ನು, ಅಂದರೆ ಸುಮಾರು 2 ಮಿಲಿಮೀಟರಿನ 11ನೇ ನಂಬರಿನದನ್ನು, ಪೋಣಿಸಿದರೆ ಆ ತೊಂದರೆ ತಪ್ಪುತ್ತದೆ. ಹೂವಿನ ನಡುವೆ 4 ಮಿಲಿಮೀಟರಿನ ಬಟ್ಟಲು ಚಮಕಿ ಇಡಿ: ಸೂಜಿಯನ್ನು ಕೆಳಗಿನಿಂದ ಚಮಕಿಯ ತೂತಿನ ಮೂಲಕ ಮೇಲೆತ್ತಿ, ಒಂದು ಸಣ್ಣ ಮಣಿ ಪೋಣಿಸಿ, ಮತ್ತೆ ಅದೇ ತೂತಿನಲ್ಲಿ ಕೆಳಗಿಳಿಸಿ. ಮಣಿ ತೂತಿನಲ್ಲಿ ಇಳಿಯದ ಕಾರಣ ಚಮಕಿ ಅಲ್ಲೇ ನಿಲ್ಲುತ್ತದೆ, ದಾರವೂ ಕಾಣುವುದಿಲ್ಲ. ಪ್ರತಿ ಹೂವು ಮುಗಿದಾಗ ಹಿಂಬದಿಯಲ್ಲಿ ಗಂಟು ಹಾಕಿದರೆ, ಮುಂದೆ ಎಲ್ಲೋ ದಾರ ಹರಿದರೂ ಒಂದು ಹೂವು ಮಾತ್ರ ಹೋದೀತು. ಎಲೆಗಳನ್ನು ಚಮಕಿಯಿಂದ ತುಂಬಬೇಡಿ ಎಂಬುದು ನನ್ನ ಅಭಿಪ್ರಾಯ; ಅಂಚುಗೆರೆ ಮಾತ್ರ ಎಳೆದರೆ ಬಿಳಿ ಹೂವು ಎದ್ದು ಕಾಣುತ್ತದೆ.

ಉತ್ತರ 2 (ಆರಿ ಕಲಿಕೆ)

ಮೇಲಿನ ಅಕ್ಕನವರ ಮಾತಿಗೆ ಒಂದನ್ನು ಸೇರಿಸಲು ಬಯಸುತ್ತೇನೆ. ಆರಿಯನ್ನು ಪೂರ್ತಿ ಕೈಬಿಡಬೇಕಿಲ್ಲ. ಸರಪಳಿ ಹೊಲಿಗೆ ತಾನೇ ಸ್ವಲ್ಪ ಹಿಗ್ಗುವುದರಿಂದ ರೆಂಬೆಯ ಕಾಂಡಕ್ಕೂ ಎಲೆಯ ಅಂಚಿಗೂ ಅದು ಹೆಣೆದ ಬಟ್ಟೆಯ ಮೇಲೆ ಚೆನ್ನಾಗಿ ಹೊಂದುತ್ತದೆ. ಆದರೆ ಆರಿಯಲ್ಲಿ ಕೂರಿಸಿದ ಮಣಿಗಳ ಸಾಲಿನಲ್ಲಿ ದಾರ ಒಂದು ಕಡೆ ತುಂಡಾದರೆ ಇಡೀ ಸಾಲು ಬಿಚ್ಚಿಕೊಳ್ಳುವ ಅಪಾಯವಿದೆ. ಮದುವೆಗೊಮ್ಮೆ ಉಡುವ ರವಿಕೆಗೆ ಅದು ನಡೆಯುತ್ತದೆ, ದಿನವೂ ತೊಡುವ ಉಡುಪಿಗೆ ನಡೆಯುವುದಿಲ್ಲ. ಆದ್ದರಿಂದ ಗೆರೆಗಳಿಗೆ ಆರಿ, ಮಣಿಗಳಿಗೆ ಸಾದಾ ಸೂಜಿ ಎಂದು ಹಂಚಿಕೊಳ್ಳುವುದು ಒಳ್ಳೆಯದು. ಮಣಿಗೆ 10ನೇ ನಂಬರಿನ ತೆಳು ಸೂಜಿ ಸಾಕು. ಹತ್ತಿಯ ದಾರ ಗಾಜಿನ ಮಣಿಗೆ ಉಜ್ಜಿ ಸವೆಯುವುದರಿಂದ ಪಾಲಿಯೆಸ್ಟರ್ ದಾರವನ್ನು ಎರಡೆಳೆ ಮಾಡಿ ಬಳಸಿ. ಸಾಮಗ್ರಿ ನಿಮ್ಮೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಎಲ್ಲ ಅಳತೆಯವೂ ತೂಕದ ಲೆಕ್ಕದಲ್ಲಿ ದೊರೆಯುತ್ತವೆ.

ಉತ್ತರ 3 (ಅಮ್ಮನ ಕಪಾಟು)

ತಂಗಿ ಕಾಲೇಜಿಗೆ ಹೋಗುವವರೇ? ಹಾಗಿದ್ದರೆ ಬ್ಯಾಗಿನ ಪಟ್ಟಿ ಭುಜದ ಮೇಲೆ ದಿನವೂ ಉಜ್ಜುತ್ತದೆ, ಅಲ್ಲಿ ಎಷ್ಟೇ ಗಟ್ಟಿಯಾಗಿ ಹೊಲಿದರೂ ಚಮಕಿಯ ಹೊಳಪು ಉಳಿಯುವುದಿಲ್ಲ. ರೆಂಬೆಯನ್ನು ಎದೆಯ ನಡುವಿಗೆ ಸರಿಸುವುದನ್ನು ಯೋಚಿಸಿ. ಮಣಿಗಳ ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ನಾಲ್ಕಾರನ್ನು ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ, ಹಿಂಡಬೇಡಿ. ಹಗ್ಗಕ್ಕೆ ನೇತುಹಾಕಿದರೆ ನೀರು ಮತ್ತು ಮಣಿಯ ಭಾರಕ್ಕೆ ಬಟ್ಟೆ ಜಗ್ಗುತ್ತದೆ, ನೆರಳಿನಲ್ಲಿ ಟವೆಲ್ ಮೇಲೆ ಹರಡಿ ಒಣಗಿಸಿ. ಚಮಕಿ ಪ್ಲಾಸ್ಟಿಕ್ ಆಗಿರುವುದರಿಂದ ಬಿಸಿ ಇಸ್ತ್ರಿ ತಗಲಿದರೆ ಮುದುಡುತ್ತದೆ. ಕೊನೆಗೆ ಒಳಗಿನ ಗಂಟುಗಳು ಮೈಗೆ ಚುಚ್ಚದಂತೆ ಮೆತ್ತನೆಯ ಹತ್ತಿ ಬಟ್ಟೆಯ ತುಂಡನ್ನು ಸಡಿಲವಾಗಿ ಹೊಲಿದು ಮುಚ್ಚಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಬ್ಯಾಗಿನ ಪಟ್ಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ, ರೆಂಬೆಯನ್ನು ನಡುವಿಗೆ ತರುತ್ತೇನೆ. ಒಂದೇ ಸಂದೇಹ ಉಳಿದಿದೆ: ರವಿಕೆಗೆ ಮಾಡುವಂತೆ ಚುಚ್ಚಿದ ಬಟರ್ ಪೇಪರಿನ ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ ಒರೆಸಿ ಚಿತ್ರ ಇಳಿಸಬಹುದೇ?

ಉತ್ತರ 1 (ಹೊಲಿಗೆ ತರಗತಿ, ಹಾಸನ)

ಬೇಡ. ಈ ಬಟ್ಟೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಗೆರೆಯೂ ಹರಡುತ್ತದೆ. ಚಿತ್ರವನ್ನು ತೆಳು ಕಾಗದದ ಮೇಲೆ ಬರೆದು, ಸ್ವೆಟ್‌ಶರ್ಟಿನ ಮೇಲಿಟ್ಟು, ಕಾಗದದ ಸಮೇತ ಗೆರೆಗುಂಟ ಬಿಳಿ ದಾರದಿಂದ ಸಣ್ಣ ಕಚ್ಚಾ ಹೊಲಿಗೆ ಹಾಕಿ. ಬಳಿಕ ಕಾಗದವನ್ನು ಮೆಲ್ಲಗೆ ಹರಿದು ತೆಗೆದರೆ ಚಿತ್ರ ದಾರದಲ್ಲಿ ಉಳಿದಿರುತ್ತದೆ. ಆರಿ ಮತ್ತು ಮಣಿಯ ಕೆಲಸ ಮುಗಿದ ಮೇಲೆ ಆ ದಾರವನ್ನು ಎಳೆದು ತೆಗೆಯಿರಿ.